ಸಂತೆ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ ಕೊಡಿ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಎರಡೂ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹಳೇ ಮೈಸೂರು ಕಡೆಯ ಒಂದು ಹಳ್ಳಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಯಜಮಾನರು ಲಗೇಜ್ ಆಟೋ ಓಡಿಸುತ್ತಾರೆ. ನಮ್ಮ ಮಗ 2025ರಲ್ಲಿ ಒಂದನೇ ಕ್ಲಾಸಿಗೆ ಸೇರಿದ. ಅವನ ಎರಡೂ ಕಿವಿಗೆ ಮಿಷನ್ ಇದೆ. ಅವನು ಮಾತಾಡುತ್ತಾನೆ, ಜಗಳವಾಡುತ್ತಾನೆ, ಸುಳ್ಳೂ ಹೇಳುತ್ತಾನೆ. ಅವನ ಮೊದಲ ಸುಳ್ಳು ಕೇಳಿದ ದಿನ ನನಗೆ ಕಣ್ಣೀರು ಬಂತು. ಅಷ್ಟು ಉದ್ದದ ವಾಕ್ಯ ಅವನು ಅಲ್ಲಿಯತನಕ ಹೇಳೇ ಇರಲಿಲ್ಲ.

ಪತ್ರದ ಕಾರಣ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಕಿವಿಯ ತೊಂದರೆ, ಮಾತಿನ ತೊಂದರೆ ಹುಡುಕುವುದಕ್ಕೆ ಸರ್ಕಾರದಲ್ಲಿ ಯೋಜನೆ ಇದೆ. ಮಿಷನ್ ಕೊಡುವುದಕ್ಕೂ ಇದೆ. ಆಮೇಲೆ ವಾರವಾರ ಕೂತು ಮಾತು ಕಲಿಸುವ ಜಾಗ ಮಾತ್ರ ನಮ್ಮಂಥವರಿಗೆ ತೀರಾ ದೂರ. ಆ ಜಾಗ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಕೇಳುವುದು ಇಷ್ಟೇ. ಯಾಕೆ ಅಂತ ತಿಳಿಸುವುದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗಿದೆ. ದಯವಿಟ್ಟು ಪೂರ್ತಿ ಓದಿ.

ಮಗ ಹುಟ್ಟಿದ್ದು 2019ರ ಜನವರಿಯಲ್ಲಿ. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ತೂಕ ನೋಡಿದರು, ಇಂಜೆಕ್ಷನ್ ಕೊಟ್ಟರು, ತಾಯಿ ಕಾರ್ಡಿನಲ್ಲಿ ಬರೆದರು. ಕಿವಿ ಟೆಸ್ಟ್ ಮಾಡಲಿಲ್ಲ. ಹಸುಗೂಸಿಗೆ ಅಂಥದ್ದೊಂದು ಟೆಸ್ಟ್ ಇದೆ ಅಂತ ನಮಗೂ ಗೊತ್ತಿರಲಿಲ್ಲ. ಮಲಗಿರುವ ಕೂಸಿನ ಕಿವಿಗೆ ಒಂದು ಸಣ್ಣ ಬಿರಡೆ ಇಟ್ಟು ನೋಡುತ್ತಾರೆ. ಓಎಇ ಅಂತ ಅದರ ಹೆಸರು. ನೋವಿಲ್ಲ, ಸೂಜಿ ಇಲ್ಲ, ಕೆಲವೇ ನಿಮಿಷದ ಕೆಲಸ. ಒಂದು ತಿಂಗಳೊಳಗೆ ಈ ಟೆಸ್ಟ್ ಆಗಬೇಕು, ಮೂರು ತಿಂಗಳೊಳಗೆ ತೊಂದರೆ ಖಚಿತ ಆಗಬೇಕು, ಆರು ತಿಂಗಳೊಳಗೆ ಮಿಷನ್ನು, ತರಬೇತಿ ಶುರುವಾಗಬೇಕು. ಇದು ಈ ಕೆಲಸದವರೆಲ್ಲ ಒಪ್ಪಿರುವ ಲೆಕ್ಕ. ನಮ್ಮ ಮಗನಿಗೆ ಶುರುವಾಗಿದ್ದು ಮೂರು ವರ್ಷ ಐದು ತಿಂಗಳಿಗೆ.

ಯಾಕೆ ಅಷ್ಟು ತಡ ಆಯಿತು? ಅವನಿಗೆ ಒಂದು ವರ್ಷ ತುಂಬಿ ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ಅಂಗನವಾಡಿ ಮುಚ್ಚಿತು. ನೆಂಟರು ಬರುವುದು ನಿಂತಿತು. ಹೊರಗೆ ಸಿಕ್ಕವರ ಬಾಯಿಗೆಲ್ಲ ಮಾಸ್ಕು. ಎರಡು ವರ್ಷವಾದರೂ ಮಾತು ಬರದೇ ಇದ್ದಾಗ ಎಲ್ಲರೂ ಒಂದೇ ಮಾತು ಹೇಳಿದರು: "ಕೊರೋನಾ ಮಕ್ಕಳು, ಜನ ನೋಡಿಲ್ಲ, ಬರುತ್ತೆ ಬಿಡು." ನಮ್ಮತ್ತೆ, "ಇವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಅಂದರು. ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿದೆವು. ದೇವಸ್ಥಾನಕ್ಕೆ ಗಂಟೆ ಕಟ್ಟುತ್ತೇವೆ ಅಂತ ಹರಕೆ ಹೊತ್ತೆವು. ನಾಲಿಗೆ ಅಂಟಿಕೊಂಡಿದೆ, ಕೆಳಗೆ ಒಂಚೂರು ಕತ್ತರಿಸಿದರೆ ಸರಿಹೋಗುತ್ತೆ ಅಂದವರು ಇದ್ದರು. ಮೊಬೈಲ್ ಕೊಟ್ಟು ಕೆಡಿಸಿದಳು ಅಂತ ನನ್ನನ್ನು ಬೈದವರೂ ಇದ್ದರು. ಇವರು ಯಾರ ಮೇಲೂ ನನಗೆ ಸಿಟ್ಟಿಲ್ಲ. ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳಿದರು. ತಿಳಿದವರು ಹತ್ತಿರದಲ್ಲಿ ಇಲ್ಲದಿದ್ದರೆ ಸಿಕ್ಕವರ ಮಾತನ್ನೇ ಹಿಡಿದುಕೊಳ್ಳಬೇಕು, ಅಲ್ವಾ?

ಕಿವಿಯ ಮೇಲೆ ನಮಗೆ ಅನುಮಾನ ಬರಲೇ ಇಲ್ಲ. ತಟ್ಟೆ ಬಿದ್ದರೆ ತಿರುಗುತ್ತಿದ್ದ. ಅವರಪ್ಪನ ಆಟೋ ಹಾರ್ನ್ ಕೇಳಿದರೆ ಬಾಗಿಲಿಗೆ ಓಡುತ್ತಿದ್ದ. ಅಂಗನವಾಡಿ ಮತ್ತೆ ತೆರೆದ ಮೇಲೆ ಮಕ್ಕಳ ತಪಾಸಣೆಗೆ ತಂಡ ಬಂತು. ಹಲ್ಲು, ಕಣ್ಣು, ತೂಕ ನೋಡಿದರು. ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ತಿರುಗಿದ. ಕಿವಿ ಸರಿ ಇದೆ ಅಂತ ಬರೆದುಕೊಂಡು ಹೋದರು.

ನಮ್ಮ ತಾಲ್ಲೂಕಿನ ಹೆಸರನ್ನು ನಾನು ಬೇಕಂತಲೇ ಬರೆದಿಲ್ಲ. ಬರೆದರೆ ಆ ತಂಡದ ಯಾರೋ ಒಬ್ಬ ಸಿಸ್ಟರ್‌ಗೆ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಒಂದು ಬೆಳಿಗ್ಗೆಯಲ್ಲಿ ಅಷ್ಟೊಂದು ಮಕ್ಕಳನ್ನು ನೋಡಬೇಕಾದವರು ಚಪ್ಪಾಳೆಗಿಂತ ಹೆಚ್ಚು ಏನು ಮಾಡಿಯಾರು? ಅವರ ಕೈಗೆ ಬೇರೆ ಸಲಕರಣೆಯನ್ನೇ ಯಾರೂ ಕೊಟ್ಟಿರಲಿಲ್ಲ.

ಕೊನೆಗೆ ಗುರುತು ಹಿಡಿದಿದ್ದು ಅಂಗನವಾಡಿ ಟೀಚರ್. ಮಾಸ್ಕ್ ತೆಗೆದ ಮೇಲೆ ಅವರಿಗೆ ಹೊಳೆಯಿತಂತೆ. "ಅಕ್ಕಾ, ನಾನು ಅವನ ಕಡೆ ಮುಖ ಮಾಡಿ ಕರೆದರೆ ಬರ್ತಾನೆ. ಬೆನ್ನು ಮಾಡಿ ಕರೆದರೆ ಬರಲ್ಲ. ಒಂದ್ಸಲ ತೋರಿಸಿ" ಅಂದರು. ಆ ಹೆಣ್ಣುಮಗಳಿಗೆ ನಾನು ಬದುಕಿರುವತನಕ ಋಣಿ.

ಅಲ್ಲಿಂದ ನಗರದ ದೊಡ್ಡ ಆಸ್ಪತ್ರೆಗೆ ಓಡಾಟ ಶುರುವಾಯಿತು. ನಮ್ಮೂರಿಂದ ಎರಡು ಬಸ್ಸು, ಮೂರು ಗಂಟೆ ದಾರಿ. ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಬೆರಾ ಟೆಸ್ಟ್ ಮಾಡಬೇಕು, ಮಗು ಗಾಢ ನಿದ್ದೆಯಲ್ಲಿರಬೇಕು, ಹಿಂದಿನ ರಾತ್ರಿ ಸರಿಯಾಗಿ ಮಲಗಿಸಬೇಡಿ ಅಂದರು. ರಾತ್ರಿ ಒಂದು ಗಂಟೆಯವರೆಗೆ ಅವನನ್ನು ಆಟವಾಡಿಸಿಕೊಂಡು ಎಚ್ಚರ ಇಟ್ಟೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿದೆ. ಬಸ್ ಹತ್ತಿದ ತಕ್ಷಣ ನನ್ನ ತೊಡೆ ಮೇಲೆ ಬಿದ್ದುಕೊಂಡು ಮೂರು ಗಂಟೆ ನಿದ್ದೆ ಹೊಡೆದ. ಕೆನ್ನೆಗೆ ನೀರು ಚಿಮುಕಿಸಿದರೂ ಏಳಲಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ ಕಣ್ಣು ಬಿಟ್ಟವನು ಸಂಜೆಯತನಕ ಮುಚ್ಚಲಿಲ್ಲ. ಔಷಧಿ ಕುಡಿಸಿದರು, ಅದನ್ನೂ ವಾಂತಿ ಮಾಡಿಕೊಂಡ. ಮತ್ತೊಂದು ದಿನ ಬರೆದುಕೊಟ್ಟರು. ಹೀಗೆ ಎರಡು ಸಲ. ಮೂರನೇ ಸಲ ಹಿಂದಿನ ದಿನವೇ ಹೋಗಿ ಆಸ್ಪತ್ರೆ ಹತ್ತಿರ ರೂಮು ಮಾಡಿಕೊಂಡು ಉಳಿದೆವು. ಒಂದು ಟೆಸ್ಟಿಗೆ ಒಂದೂವರೆ ತಿಂಗಳು ಹೋಯಿತು. ಇದರಲ್ಲಿ ಡಾಕ್ಟರ್ ತಪ್ಪಿಲ್ಲ, ಮಗುವಿನ ತಪ್ಪಿಲ್ಲ. ಮೂರು ಗಂಟೆಯ ಬಸ್ಸಿದೆಯಲ್ಲ, ಅದರ ತಪ್ಪು.

ಆಮೇಲೆ ಮೇಡಂ ಒಬ್ಬರು ನನ್ನನ್ನು ಕೂರಿಸಿಕೊಂಡು ಗ್ರಾಫ್ ತೋರಿಸಿದರು. ದಪ್ಪ ಸದ್ದು ಅವನಿಗೆ ಸುಮಾರಾಗಿ ಕೇಳುತ್ತದೆ, ಸಣ್ಣ ಚೂಪು ಸದ್ದು ಕೇಳುವುದೇ ಇಲ್ಲ ಅಂದರು. ಅವನು ಯಾವ್ಯಾವ ಮಾತು ಆಡುತ್ತಾನೆ ಅಂತ ಕೇಳಿದರು. ಅಮ್ಮ, ಮಾಮ, ಬಾ, ಅಂಬಾ, ಊಟಕ್ಕೆ ಊ, ಬೇಡ ಅನ್ನುವುದಕ್ಕೆ ಬೇ. ಬೆರಳು ಮಡಿಸಿ ಲೆಕ್ಕ ಹೇಳಿದೆ. "ನೋಡಿ, ಎಲ್ಲವೂ ಮ, ಬ, ಆ, ಊ. ಇದರಲ್ಲಿ ಒಂದಾದರೂ ಸ ಇದೆಯಾ, ಶ ಇದೆಯಾ, ಚ ಇದೆಯಾ? ಕೇಳಿದ್ದನ್ನೆಲ್ಲ ಮಗು ಹೇಳಿದೆ. ಕೇಳದೇ ಇರೋದನ್ನ ಹೇಗೆ ಹೇಳುತ್ತೆ?" ಅಂದರು. ಎರಡು ವರ್ಷದಿಂದ ಆ ಮಾತುಗಳು ನಮ್ಮ ಕಣ್ಣೆದುರೇ ಇದ್ದವು. ಅವನು ಸೋಮಾರಿ ಅಂತ ನಾವು ತಿಳಿದಿದ್ದೆವು.

ಮಿಷನ್ ಹಾಕಿದ ಎರಡನೇ ದಿನ ಆಗಿದ್ದು ಹೇಳುತ್ತೇನೆ. ಯಾರದೋ ಪ್ಯಾಂಟು ರಿಪೇರಿಗೆ ಬಂದಿತ್ತು. ಜಿಪ್ ಬದಲಾಯಿಸಿ ಒಂದ್ಸಲ ಎಳೆದು ನೋಡಿದೆ. ಅವನು ಆಡುತ್ತಿದ್ದವನು ನಿಂತುಬಿಟ್ಟ. ಹತ್ತಿರ ಬಂದು ಜಿಪ್ಪನ್ನೇ ನೋಡಿದ. ಮತ್ತೆ ಎಳೆದೆ. ಕಣ್ಣು ಅಗಲ ಮಾಡಿದ. ಜಿಪ್ ಎಳೆದರೆ ಸದ್ದು ಬರುತ್ತದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ! ಅರ್ಧ ಗಂಟೆ ಆ ಪ್ಯಾಂಟು ಇಟ್ಟುಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ. ನಾನೂ ಕೆಲಸ ಬಿಟ್ಟು ಪಕ್ಕದಲ್ಲೇ ಕೂತೆ.

ಇಲ್ಲಿಗೆ ಕಥೆ ಮುಗಿಯಿತು, ಇನ್ನು ಮಾತು ಬರುತ್ತದೆ ಅಂದುಕೊಂಡಿದ್ದೆ. ಕನ್ನಡಕ ಹಾಕಿದರೆ ಕಣ್ಣು ಕಾಣುತ್ತದಲ್ಲ, ಹಾಗೆ. ಕಿವಿ ಹಾಗಲ್ಲವಂತೆ. ಮೂರೂವರೆ ವರ್ಷ ಕೇಳದೇ ಇದ್ದ ಸದ್ದು ಈಗ ಕೇಳುತ್ತದೆ, ಆದರೆ ಅದು ಏನು ಅಂತ ಅವನಿಗೆ ತಿಳಿಯದು. ನಿಮ್ಮ ಮೇಜಿನ ಮೇಲೆ ಯೋಜನೆಗಳ ಫೈಲ್ ನೋಡುವಾಗ ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಮಕ್ಕಳಿಗೆ ಮಿಷನ್ ಕೊಡುತ್ತಾರೆ. ತೀರಾ ಕೇಳದೇ ಇರುವ ಮಕ್ಕಳಿಗೆ ಕಿವಿಯೊಳಗೆ ಯಂತ್ರ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್‌ಗೆ ಲಕ್ಷಗಟ್ಟಲೆ ಹಣ ಕೊಡುತ್ತಾರೆ. ನಮ್ಮ ರಾಜ್ಯದ ಶ್ರವಣ ಸಂಜೀವಿನಿಯೂ ಇದೆ. ತುಂಬಾ ದೊಡ್ಡ ಉಪಕಾರ, ಕೈ ಮುಗಿಯುತ್ತೇನೆ. ಆದರೆ ಆಪರೇಷನ್ ಆದ ಮಗುವಿಗೂ ಆಮೇಲೆ ವರ್ಷಗಟ್ಟಲೆ ತರಬೇತಿ ಬೇಕು. ತರಬೇತಿಗೆ ಹೋಗಲಾಗದ ಮಗುವಿನ ಮಿಷನ್ ಬೀರುವಿನಲ್ಲಿ ಕೂರುತ್ತದೆ. ಅಂಥ ಮನೆಗಳನ್ನು ನಾನು ಬಲ್ಲೆ.

ತರಬೇತಿ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನೋಡಿದರೆ ಸುಮ್ನೆ ಆಟ ಆಡಿದ ಹಾಗೆ ಕಾಣುತ್ತದೆ. ಮೇಡಂ ಚಾಪೆ ಮೇಲೆ ಕೂತು ಚೆಂಡು ಉರುಳಿಸುತ್ತಾರೆ, ಕೊಡುವುದಿಲ್ಲ, ಮಗು ಕೇಳಲಿ ಅಂತ ಕಾಯುತ್ತಾರೆ. ಆ ಕಾಯುವುದನ್ನು ಕಲಿಯುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಮಗು ಬೆರಳು ತೋರಿಸಿದ ಕೂಡಲೇ ಕೊಟ್ಟುಬಿಡುವುದು ತಾಯಂದಿರ ಅಭ್ಯಾಸ. ಮನೆಯಲ್ಲಿ ದಿನಾ ಮಾಡುವುದಕ್ಕೂ ಹೇಳಿಕೊಟ್ಟರು. ಬೆಳಿಗ್ಗೆ ಮಿಷನ್ ಹಾಕಿದ ತಕ್ಷಣ ಆರು ಸದ್ದಿನ ಪರೀಕ್ಷೆ. ನಾನು ಅವನ ಹಿಂದೆ ಕೂತು ಬಾಯಿಗೆ ಬಟ್ಟೆ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಅನ್ನಬೇಕು. ಪ್ರತಿ ಸದ್ದಿಗೆ ಅವನು ಒಂದು ಅಂಗಿ ಗುಂಡಿಯನ್ನು ಡಬ್ಬಿಗೆ ಹಾಕಬೇಕು. ಈ ಆರೂ ಕೇಳಿದರೆ ಮಾತಿನ ಸದ್ದೆಲ್ಲ ಕಿವಿಗೆ ಬೀಳುತ್ತಿದೆ ಅಂತ ಅರ್ಥ. ಒಂದು ದಿನ ಸ್ ಅಂದಾಗ ಗುಂಡಿ ಬೀಳದಿದ್ದರೆ ಸೆಲ್ ಮುಗಿದಿರಬೇಕು, ಇಲ್ಲಾ ಕಿವಿಯೊಳಗೆ ಕೂರುವ ಅಚ್ಚಿನ ಟ್ಯೂಬಿನಲ್ಲಿ ಬೆವರು ಕೂತಿರಬೇಕು. ಮಗು ಬೆಳೆದ ಹಾಗೆ ಕಿವಿ ಅಚ್ಚು ಸಡಿಲವಾಗುತ್ತದೆ, ಮಿಷನ್ ಕುಯ್ ಅನ್ನುತ್ತದೆ. ಆಗ ಹೊಸ ಅಚ್ಚು. ಅದಕ್ಕೂ ಅದೇ ಮೂರು ಗಂಟೆ ದಾರಿ, ಅಳತೆ ಕೊಡುವುದಕ್ಕೆ ಒಂದ್ಸಲ, ತರುವುದಕ್ಕೆ ಒಂದ್ಸಲ.

ಹೀಗೆ ಎರಡು ವರ್ಷಕ್ಕಿಂತ ಜಾಸ್ತಿ, ಆದಷ್ಟೂ ಪ್ರತಿ ಮಂಗಳವಾರ ಹೋದೆವು. ಬೆಳಿಗ್ಗೆ ಐದೂ ನಲವತ್ತರ ಬಸ್ಸು. ಮುಕ್ಕಾಲು ಗಂಟೆ ತರಬೇತಿ. ಮನೆಗೆ ವಾಪಸ್ ಬರುವಾಗ ದೀಪ ಹಚ್ಚುವ ಹೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಸ್ ಚಾರ್ಜ್ ಉಳಿಯಿತು. ನಿಜವಾಗಲೂ ಉಪಕಾರವಾಯಿತು, ಅದಕ್ಕೆ ಮೊದಲು ಚಾರ್ಜ್ ಹೊಂದಿಸಲಾಗದೆ ಎಷ್ಟೋ ಮಂಗಳವಾರ ತಪ್ಪಿದ್ದವು. ಆದರೆ ದಿನ ಉಳಿಯಲಿಲ್ಲ. ನಾನು ಹೊಲಿಗೆಯವಳು, ರಾತ್ರಿ ಕೂತು ಸರಿದೂಗಿಸಿದೆ. ಕೂಲಿಗೆ ಹೋಗುವವರು ಏನು ಮಾಡಬೇಕು? ವಾರಕ್ಕೊಂದು ದಿನ ತಪ್ಪಿಸಿದರೆ ಗಾರ್ಮೆಂಟ್ಸ್‌ನಲ್ಲಿ ಇಟ್ಟುಕೊಳ್ಳುತ್ತಾರಾ?

ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಕಲಿತಿದ್ದು ಬಹಳ. ಅಲ್ಲಿಗೆ ಬರುವವರೆಲ್ಲ ಕಿವಿ ಕೇಳದವರಲ್ಲ. ಕಿವಿ ಚೆನ್ನಾಗಿದ್ದೂ ಮೂರು ವರ್ಷಕ್ಕೆ ಎರಡು ಪದ ಸೇರಿಸಲಾಗದ ಮಕ್ಕಳು ಬರುತ್ತಿದ್ದರು. ಆಟಿಸಂ ಇರುವ ಒಬ್ಬ ಹುಡುಗಿ ಇದ್ದಳು. ಬಾಯಲ್ಲಿ ಮಾತಿಲ್ಲ, ಚಿತ್ರದ ಪುಸ್ತಕದಲ್ಲಿ ಬೆರಳಿಟ್ಟು ನೀರು ಬೇಕು ಅಂತ ತೋರಿಸುತ್ತಿದ್ದಳು. ಅವಳಮ್ಮ ಹೇಳಿದ್ದು, ಆ ಪುಸ್ತಕ ಬಂದ ಮೇಲೆ ತಲೆ ಚಚ್ಚಿಕೊಳ್ಳುವುದು ನಿಂತಿತು ಅಂತ. ಸೀಳು ತುಟಿ, ಸೀಳು ಅಂಗುಳಕ್ಕೆ ಉಚಿತ ಆಪರೇಷನ್ ಆಗಿದ್ದ ಮಕ್ಕಳು ಬರುತ್ತಿದ್ದರು. ಹೊಲಿಗೆ ಒಣಗಿದೆ, ಮುಖ ಚೆನ್ನಾಗಿದೆ, ಆದರೆ ಗಾಳಿಯೆಲ್ಲ ಮೂಗಿನಿಂದ ಹೋಗುತ್ತದೆ, ಮಾತು ಯಾರಿಗೂ ಅರ್ಥವಾಗುವುದಿಲ್ಲ. ಉಗ್ಗುವ ಒಬ್ಬ ಹತ್ತು ವರ್ಷದ ಹುಡುಗ ಇದ್ದ. ಶಾಲೆಯಲ್ಲಿ ಹಾಜರಿ ಕೂಗುವಾಗ 'ಬಂದಿದ್ದೇನೆ' ಅನ್ನಲಾಗದೆ ಎದ್ದು ನಿಲ್ಲುತ್ತಿದ್ದನಂತೆ, ಅಷ್ಟೇ. "ನಿಧಾನಕ್ಕೆ ಹೇಳು, ಉಸಿರು ತಗೋ" ಅಂತ ಎಲ್ಲರೂ ಹೇಳಿ ಹೇಳಿ ಅವನಿಗೆ ಬಾಯಿ ತೆರೆಯುವುದೇ ಭಯವಾಗಿತ್ತು.

ಕಾಫಿ ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಎರಡು ವರ್ಷದ ಹೆಣ್ಣುಮಗು ಎತ್ತಿಕೊಂಡು ಬಂದಿದ್ದಳು. ಎರಡು ವರ್ಷಕ್ಕೇ ಗೊತ್ತಾಗಿದೆ, ನಿನ್ನ ಮಗಳು ನನ್ನ ಮಗನಿಗಿಂತ ಬೇಗ ಕಲಿಯುತ್ತಾಳೆ ಅಂದಿದ್ದೆ. ನಾಲ್ಕು ಮಂಗಳವಾರ ಬಂದಳು. ಐದನೇ ವಾರ ಇಲ್ಲ. ಹಣ್ಣು ಕೀಳುವ ಕಾಲ, ರಜೆ ಸಿಗಲ್ಲ ಅಂತ ಫೋನಿನಲ್ಲಿ ಹೇಳಿದಳು. ಆಮೇಲೆ ಫೋನೂ ಹತ್ತಲಿಲ್ಲ. ಆ ಮಗುವಿಗೆ ಈಗ ಐದು ದಾಟಿರಬೇಕು. ಮಾತು ಕಲಿಯುವುದಕ್ಕೆ ಮೊದಲ ಕೆಲವು ವರ್ಷ ಎಷ್ಟು ಮುಖ್ಯ ಅಂತ ನಿಮ್ಮ ಇಲಾಖೆಯ ಡಾಕ್ಟರುಗಳೇ ಹೇಳುತ್ತಾರೆ. ಆ ವರ್ಷಗಳು ಅವಳಿಗೆ ಹೋದವು. ರಾತ್ರಿ ಹೊಲಿಗೆ ಮಿಷನ್ ತುಳಿಯುವಾಗ ನನಗೆ ಅವಳ ನೆನಪು ಬರುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ತರಬೇತಿ ಕೊಡುವವರು ನಮ್ಮ ಮಾತು ಬಲ್ಲವರಾಗಿರಬೇಕು. ಇದನ್ನು ನಾನು ಭಾಷಾಭಿಮಾನಕ್ಕೆ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಮೊದಲು ಕೊಟ್ಟ ಚಿತ್ರದ ಕಾರ್ಡುಗಳಲ್ಲಿ ಆಪಲ್, ಇಗ್ಲೂ, ಕ್ಸೈಲೋಫೋನ್ ಇದ್ದವು. ಕ್ಸೈಲೋಫೋನ್ ಏನು ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಬಂದ ಮೇಡಂ ಆ ಕಾರ್ಡ್ ಪಕ್ಕಕ್ಕಿಟ್ಟು, ನಿಮ್ಮ ಮನೆಯಲ್ಲಿ ಅವನು ದಿನಾ ಮುಟ್ಟುವ ಸಾಮಾನು ತನ್ನಿ ಅಂದರು. ಚೀಲದಲ್ಲಿ ದಾರದ ಉಂಡೆ, ಕತ್ತರಿ, ಗುಂಡಿ, ಚಮಚ, ಒಂದು ಸೌತೆಕಾಯಿ ತೆಗೆದುಕೊಂಡು ಹೋದೆ. ಅವನ ಮೊದಲ ಹೊಸ ಪದ 'ದಾರ'.

ಒಂದ್ಸಲ ಕಲಿಯಲು ಬಂದಿದ್ದ ಹುಡುಗಿ ಅವನ ಉಚ್ಚಾರ ಬರೆದುಕೊಳ್ಳುತ್ತಿದ್ದಳು. ಹಾಲಿನ ಚಿತ್ರ ತೋರಿಸಿದಳು. 'ಆಲು' ಅಂದ. ತಪ್ಪು ಅಂತ ಗುರುತು ಹಾಕಿದಳು. ಹಿರಿಯ ಮೇಡಂ ನನ್ನ ಕಡೆ ತಿರುಗಿ, "ಮನೇಲಿ ಅಜ್ಜಿ ಹೇಗೆ ಹೇಳ್ತಾರೆ?" ಅಂತ ಕೇಳಿದರು. ನಮ್ಮತ್ತೆ ಆಲು, ಅಸು, ಊವು ಅಂತಲೇ ಹೇಳುವುದು, ನಮ್ಮ ಕಡೆ ಎಷ್ಟೋ ಜನ ಹಾಗೇ. "ಹಾಗಾದ್ರೆ ಇದು ತಪ್ಪಲ್ಲ, ಮನೆ ಮಾತು ಚೆನ್ನಾಗಿ ಕಲಿತಿದ್ದಾನೆ" ಅಂದು ಗುರುತು ಹೊಡೆದು ಹಾಕಿಸಿದರು. ಕನ್ನಡದ ಊರು ಬಲ್ಲವರಿಗೆ ಮಾತ್ರ ಬರುವ ತಿಳಿವಳಿಕೆ ಅದು. ತಪ್ಪಲ್ಲದ್ದನ್ನು ತಿದ್ದುತ್ತಾ ಕೂತರೆ ನಿಜವಾದ ತಪ್ಪಿಗೆ ಸಮಯ ಎಲ್ಲಿ ಉಳಿಯುತ್ತದೆ?

ನಮ್ಮ ಮಾತಿನ ರೀತಿಯೂ ಬೇರೆ. ಬಂದ, ಬಂದಳು, ಬಂದರು, ಬಂತು: ಯಾರು ಬಂದರು ಅನ್ನುವುದು ಪದದ ಬಾಲದಲ್ಲಿದೆ. ಆ ಬಾಲವನ್ನು ನಾವು ಮೆಲ್ಲಗೆ ಹೇಳಿ ಮುಗಿಸುತ್ತೇವೆ. ನನ್ನ ಮಗನಿಗೆ ತಪ್ಪಿ ಹೋಗುತ್ತಿದ್ದುದು ಅದೇ. ಅಪ್ಪ ಬಂದರೂ 'ಬಂತು', ಅಜ್ಜಿ ಬಂದರೂ 'ಬಂತು'. ಅದನ್ನು ತಿದ್ದುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಬಾಗಿಲ ಹಿಂದೆ ಅವಿತುಕೊಂಡು, ಒಬ್ಬೊಬ್ಬರೇ ಒಳಗೆ ಬಂದು ಆಟ ಆಡಿ ಕಲಿಸಿದೆವು. ನಮ್ಮ ಮಾವ ಕೂಡ ಆಡಿದರು. ಬೇರೆ ದೇಶದ ಕಾರ್ಡಿನಲ್ಲಿ ಈ ಪಾಠ ಇಲ್ಲ. ಕನ್ನಡಕ್ಕೆ ಅಂತಲೇ ಉಚ್ಚಾರ ಪರೀಕ್ಷೆಯನ್ನು 1972ರಲ್ಲೇ ಮಾಡಿದ್ದಾರೆ. ಅಡಿಪಾಯ ಅಷ್ಟು ಹಿಂದೆಯೇ ಹಾಕಿದ್ದಾರೆ, ಅದರ ಮೇಲೆ ನಮ್ಮ ಜಿಲ್ಲೆ ಜಿಲ್ಲೆಯ ಮಾತಿಗೆ ಒಪ್ಪುವ ಚಿತ್ರ, ಕಥೆ, ಹಾಡು ಮಾಡಿಸಿ ಎಲ್ಲ ಕಡೆ ಹಂಚಿ.

ಇದೇ ಜಾಗದಲ್ಲಿ ಶಾಲೆಯವರಿಗೂ ಒಂದು ಮಾತು. ಸೇರಿಸಲು ಹೋದ ಒಂದು ಶಾಲೆಯಲ್ಲಿ, "ಮನೇಲಿ ಕನ್ನಡ ನಿಲ್ಲಿಸಿ, ಬರೀ ಇಂಗ್ಲಿಷ್ ಮಾತಾಡಿ, ಎರಡು ಭಾಷೆ ಆದ್ರೆ ಮಗುಗೆ ಗೊಂದಲ ಆಗುತ್ತೆ" ಅಂದರು. ಮೇಡಂ ಹತ್ತಿರ ಕೇಳಿದೆ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ, ಮಾತಿನ ತೊಂದರೆ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು ಅಂತ ಎಷ್ಟೋ ದೇಶದ ಅಧ್ಯಯನ ಹೇಳಿವೆ ಅಂದರು. ಅಮ್ಮನಿಗೆ ಬರುವ ಭಾಷೆಯಲ್ಲಿ ಜಾಸ್ತಿ ಮಾತು ಸಿಗಲಿ, ಅದೇ ಔಷಧಿ ಅಂದರು. ನನಗೆ ಬರುವ ಇಂಗ್ಲಿಷ್‌ನಲ್ಲಿ ನಾನು ಅವನಿಗೆ ಕೂತ್ಕೋ, ಏಳು, ತಿನ್ನು ಅಷ್ಟೇ ಹೇಳಬಲ್ಲೆ. ಕನ್ನಡದಲ್ಲಿ ನಮ್ಮಮ್ಮ ನನಗೆ ಹೇಳಿದ ಕಥೆಯೆಲ್ಲ ಹೇಳಬಲ್ಲೆ. ಶಿಕ್ಷಣ ಇಲಾಖೆಯವರಿಗೂ ಈ ಪತ್ರ ತಲುಪಿದರೆ, ಇಂಥ ಸಲಹೆ ಕೊಡಬೇಡಿ ಅಂತ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿ. ಉರ್ದು, ತಮಿಳು, ತುಳು, ಲಂಬಾಣಿ ಮಾತಾಡುವ ಮನೆಯ ಮಕ್ಕಳಿಗೂ ಇದೇ ಅನ್ವಯಿಸುತ್ತದೆ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ಬೆಂಚಿನ ಮೇಲೆ ಸಿಕ್ಕ ಒಬ್ಬ ಮೇಷ್ಟ್ರು ನನಗೆ ಇದನ್ನೆಲ್ಲ ಬಿಡಿಸಿ ಹೇಳಿದರು. ಅವರ ಮಗಳೂ ಅಲ್ಲಿಗೆ ಬರುತ್ತಿದ್ದಳು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು. ನೋಡಬೇಕಾದ ತೊಂದರೆಗಳಲ್ಲಿ ಕಿವಿಯದ್ದೂ ಇದೆ, ಮಾತು ತಡವಾಗುವುದೂ ಇದೆ. ಸಿಕ್ಕ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಬೇಗ ಚಿಕಿತ್ಸೆ ಶುರುಮಾಡುವ ಕೇಂದ್ರಕ್ಕೆ ಕಳಿಸಬೇಕು, ಅಲ್ಲಿ ಮಾತಿನ ಥೆರಪಿಸ್ಟ್ ಇರಬೇಕು ಅಂತಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಾತು ಮತ್ತು ಭಾಷೆಯ ತೊಂದರೆ ಸೇರಿದೆ. ಅದೇ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ ಉಚಿತ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು, ಅದರಲ್ಲೂ ಹಳ್ಳಿ ಕಡೆ ಸಿಗಬೇಕು ಅಂತ ಬರೆದಿದ್ದಾರೆ. ಹತ್ತಿರ ಅನ್ನುವ ಪದ ಕಾನೂನಿನಲ್ಲೇ ಇದೆ, ನಾನು ಹೊಸದಾಗಿ ಕೇಳುತ್ತಿಲ್ಲ.

ಜಿಲ್ಲೆಯಲ್ಲಿ ಕೇಂದ್ರ ಇದ್ದರೆ ಸಾಲದಾ ಅಂತ ನೀವು ಕೇಳಬಹುದು. ಆಪರೇಷನ್‌ಗಾದರೆ ಸಾಕು. ಆಪರೇಷನ್ ಒಂದ್ಸಲ ಆಗುವುದು, ಎಷ್ಟು ದೂರವಾದರೂ ಸಾಲ ಮಾಡಿ ಹೋಗುತ್ತೇವೆ. ವಾರವಾರ, ವರ್ಷಗಟ್ಟಲೆ ಹೋಗಬೇಕಾದ್ದು ಜಿಲ್ಲೆಯಲ್ಲಿದ್ದರೆ ಅರ್ಧ ಮಕ್ಕಳು ದಾರಿಯಲ್ಲೇ ಕಳೆದುಹೋಗುತ್ತಾರೆ.

ಆಗುವುದಿಲ್ಲ ಅನ್ನಬೇಡಿ. ನಮ್ಮ ರಾಜ್ಯದಲ್ಲೇ ಆಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ನಡೆಯುತ್ತಿದೆ. ದೇಶದ ಎಲ್ಲ ಕಡೆಯಿಂದ ಅಲ್ಲಿಗೆ ಕಲಿಯಲು ಬರುತ್ತಾರೆ. ಆ ಸಂಸ್ಥೆಯವರು ನಗರದಲ್ಲೇ ಕೂರದೆ ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಊರುಗಳಲ್ಲಿ ಸೇವಾ ಕೇಂದ್ರ ತೆರೆದಿದ್ದಾರೆ. ಅಲ್ಲಿ ಕಿವಿ ಟೆಸ್ಟ್ ಮಾಡುತ್ತಾರೆ, ಮಾತಿನ ತರಬೇತಿ ಕೊಡುತ್ತಾರೆ. ಅಂಥ ಸಣ್ಣ ಊರಿನಲ್ಲಿ ಆಗುವುದು ತಾಲ್ಲೂಕು ಆಸ್ಪತ್ರೆಯಲ್ಲಿ ಯಾಕೆ ಆಗುವುದಿಲ್ಲ?

ಥೆರಪಿಸ್ಟ್‌ಗಳು ಎಲ್ಲಿ ಸಿಗುತ್ತಾರೆ ಅನ್ನುವುದು ನಿಜವಾದ ಪ್ರಶ್ನೆ. ಕಿವಿ, ಮಾತಿನ ತೊಂದರೆಯ ಚಿಕಿತ್ಸೆ ಕಲಿಸುವ ಬಿಎಎಸ್‌ಎಲ್‌ಪಿ ಡಿಗ್ರಿ ಓದಿದವರಿಗೆ ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಬೇಡಿಕೆ ಇದೆ. ಗುತ್ತಿಗೆಯಲ್ಲಿ ಕಡಿಮೆ ಸಂಬಳಕ್ಕೆ ಕರೆದರೆ ಯಾರು ಬರುತ್ತಾರೆ? ಕಾಯಂ ಹುದ್ದೆ ಮಾಡಿ, ತಕ್ಕ ಸಂಬಳ ಕೊಡಿ. ಮೊದಲಿಗೆ ಎರಡು ಮೂರು ತಾಲ್ಲೂಕಿಗೆ ಒಬ್ಬರಾದರೂ ಸರಿ, ವಾರದಲ್ಲಿ ಎರಡು ದಿನ ಇಲ್ಲಿ, ಎರಡು ದಿನ ಅಲ್ಲಿ ಬರಲಿ. ಅವರ ಕೈಕೆಳಗೆ ಇದೇ ವಿಷಯದ ಒಂದು ವರ್ಷದ ಡಿಎಚ್‌ಎಲ್‌ಎಸ್ ಡಿಪ್ಲೊಮಾ ಮಾಡಿದ ಒಬ್ಬರು ಉಳಿದ ದಿನವೂ ಇರಲಿ. ನಮ್ಮ ತಾಲ್ಲೂಕುಗಳ ಹುಡುಗಿಯರನ್ನೇ ಆರಿಸಿ ಸ್ಟೈಪೆಂಡ್ ಕೊಟ್ಟು ಆ ಡಿಪ್ಲೊಮಾ ಓದಿಸಿ. ಅವರು ಊರು ಬಿಟ್ಟು ಹೋಗುವುದಿಲ್ಲ, ಊರಿನ ಮಾತೂ ಅವರಿಗೆ ಗೊತ್ತಿರುತ್ತದೆ. ವಿಡಿಯೋ ಕಾಲ್‌ನಲ್ಲಿ ಕಲಿಸಬಹುದಲ್ಲ ಅನ್ನುತ್ತಾರೆ. ತಾಯಿಗೆ ಹೇಳಿಕೊಡುವುದಕ್ಕೆ ಅದು ಒಳ್ಳೆಯದೇ, ನಾನೂ ಮಳೆಗಾಲದಲ್ಲಿ ಹಾಗೆ ಕಲಿತಿದ್ದೇನೆ. ಆದರೆ ಸ ಕೇಳದ ಮಗುವಿಗೆ ಫೋನಿನ ಸ್ಪೀಕರ್‌ನಿಂದ ಸ ಕೇಳಿಸುವುದು ಕಷ್ಟ. ಚಾಪೆ ಮೇಲೆ ಎದುರುಬದುರು ಕೂರಲೇಬೇಕು.

ಹೆರಿಗೆ ಆಗುವ ಪ್ರತಿ ಆಸ್ಪತ್ರೆಯಲ್ಲೂ ಮನೆಗೆ ಕಳಿಸುವ ಮೊದಲು ಕೂಸಿನ ಕಿವಿ ಟೆಸ್ಟ್ ಆಗಲಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಯಲಿ. ಆ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಚಿತ್ರಗಳು ಈಗಲೂ ಇವೆ. ನನ್ನ ಕಾರ್ಡಿನಲ್ಲಿ ತೂಕದ ಪುಟ, ಇಂಜೆಕ್ಷನ್ ಪುಟ ತುಂಬಿವೆ, ಆ ಪುಟ ಖಾಲಿ. ಅಂಗನವಾಡಿ ಟೀಚರ್‌ಗಳಿಗೆ, ಆಶಾ ಅಕ್ಕಂದಿರಿಗೆ ಆಗಲೇ ಕೆಲಸ ಹೊರಲಾರದಷ್ಟಿದೆ. ಹೊಸ ರಿಜಿಸ್ಟರ್ ಕೊಡಬೇಡಿ. ಒಂದು ದಿನ ತರಬೇತಿ ಕೊಡಿ: ಒಂದು ವರ್ಷಕ್ಕೆ ಒಂದಾದರೂ ಪದ ಬಂತಾ, ಎರಡು ವರ್ಷಕ್ಕೆ 'ಅಮ್ಮ ಬಾ' ಅಂತ ಎರಡು ಪದ ಸೇರಿಸಿತಾ, ಬೆನ್ನ ಹಿಂದೆ ಮೆಲ್ಲಗೆ ಕರೆದರೆ ತಿರುಗಿತಾ. ಇಲ್ಲ ಅಂದರೆ 'ಬರುತ್ತೆ ಬಿಡು' ಅನ್ನದೆ ಕಳಿಸಲಿ.

ಆಸ್ಪತ್ರೆಯಲ್ಲಿ ಬೇಕಾಗುವುದು ಒಂದು ಸಣ್ಣ ಕೋಣೆ. ಜನರೇಟರ್ ಪಕ್ಕ, ಔಷಧಿ ಕೊಡುವ ಕಿಟಕಿ ಪಕ್ಕ ಬೇಡ, ಗಲಾಟೆಯಲ್ಲಿ ಈ ಮಕ್ಕಳಿಗೆ ಏನೂ ಕೇಳುವುದಿಲ್ಲ. ಬಾಗಿಲು ಮುಚ್ಚುವಂತಿರಲಿ. ಒಂದು ಚಾಪೆ, ಗಿಡ್ಡ ಮೇಜು, ಕನ್ನಡಿ, ಆಟದ ಸಾಮಾನಿಗೆ ಒಂದು ಬೀರು. ಮಿಷನ್ ಸೆಲ್ ಅಲ್ಲೇ ಸಿಗಲಿ, ಕಿವಿ ಅಚ್ಚಿನ ಅಳತೆಯನ್ನು ಅಲ್ಲೇ ತೆಗೆದುಕೊಳ್ಳಲಿ. ತಾಯಿ ಒಳಗೆ ಕೂರಲು ಜಾಗ ಇರಲಿ. ನಮ್ಮನ್ನು ಹೊರಗೆ ಕೂರಿಸಬೇಡಿ, ಉಳಿದ ಆರು ದಿನ ಕಲಿಸುವವರು ನಾವೇ.

ಕೊನೆಗೆ, ದಿನ ಗೊತ್ತುಮಾಡುವಾಗ ಆ ತಾಲ್ಲೂಕಿನ ಸಂತೆ ಯಾವತ್ತು ಅಂತ ಕೇಳಿ. ಸಂತೆ ದಿನ ಹಳ್ಳಿಯವರು ಹೇಗೂ ತಾಲ್ಲೂಕಿಗೆ ಬರುತ್ತಾರೆ, ಆಟೋ, ಟೆಂಪೋ ಜಾಸ್ತಿ ಇರುತ್ತವೆ, ಆ ದಿನ ಕೂಲಿಗೆ ಹೋಗದವರೇ ಹೆಚ್ಚು. ನಮ್ಮಲ್ಲಿ ಸಂತೆ ಮಂಗಳವಾರ. ನಾನು ಊರು ಬಿಟ್ಟು ಹೋಗುತ್ತಿದ್ದ ದಿನವೂ ಅದೇ. ಐದೂ ನಲವತ್ತರ ಬಸ್ಸು ಸಂತೆ ಬಯಲು ದಾಟುವಾಗ ಆಗತಾನೇ ಸೊಪ್ಪಿನ ಗಂಟು ಇಳಿಸುತ್ತಿರುತ್ತಿದ್ದರು. ತಾಲ್ಲೂಕು ಆಸ್ಪತ್ರೆ ಅದರ ಎದುರಿಗೇ ಇದೆ. ಮಗ ಕಿಟಕಿಯಿಂದ ಸಂತೆ ನೋಡುತ್ತಾ ಇಳಿಯೋಣ ಅಂತ ನನ್ನ ಸೆರಗು ಎಳೆಯುತ್ತಿದ್ದ.

ಇಂತಿ,
ಒಂದನೇ ಕ್ಲಾಸಿನ ಒಬ್ಬ ಹುಡುಗನ ತಾಯಿ